ಬಾಯಿಪಾಠದ ಇಂಗ್ಲಿಷು

ಬೇತಮಂಗಲದ ಶಾಲಾ ಬಾಲಕನೊಬ್ಬನು ಇಂಗ್ಲಿಷು ನಿಘಂಟನ್ನು ತೆರೆದು ‘ಟ್ಯಾಂಕ್’ ಎಂಬ ಶಬ್ದವನ್ನು ಹುಡುಕಿದನೆಂದು ಭಾವಿಸೋಣ. ವಿಲಾಯತಿಯಲ್ಲಿ ಅಚ್ಚಾಗಿ ಬರುವ ವಿದ್ಯಾರ್ಥಿ ನಿಘಂಟುಗಳಲ್ಲಿ ಅವನಿಗೆ ಮೊದಲು ಸಿಕ್ಕುವ ಅರ್ಥಗಳು ಎರಡು: ದ್ರವವನ್ನಾಗಲಿ ಅನಿಲವನ್ನಾಗಲಿ ತುಂಬಿಡುವ ದೊಡ್ಡ ಪಾತ್ರೆ ಎಂಬುದೊಂದು, ಉಕ್ಕಿನ ಕವಚ ತೊಟ್ಟ ಯುದ್ಧದ ಬಂಡಿ ಎಂಬುದಿನ್ನೊಂದು. ಆದರೆ ಆ ಬಾಲಕನು ಊರ ಹೊರಗೆ ನಾಲ್ಕು ಹೆಜ್ಜೆ ನಡೆದರೆ ಕಾಣುವುದು ಪಾಲಾರ್ ನದಿಗೆ ಅಡ್ಡಲಾಗಿ ಹಿಂದಿನವರು ಕಟ್ಟಿದ ಕೆರೆಯ ಏರಿ. ವಿಜಯಾದಿತ್ಯಮಂಗಲವೆಂದು ಶಾಸನಗಳಲ್ಲಿ ಹೆಸರಾಗಿದ್ದ ಊರಿನ ಕೆರೆಯದು. ಹತ್ತೊಂಬತ್ತನೆಯ ಶತಮಾನದಿಂದ ಈಚೆಗೆ ಸರ್ಕಾರದ ಗೆಜೆಟಿಯರುಗಳು ಅದನ್ನು ಇಂಗ್ಲಿಷಿನಲ್ಲಿ ‘ಬೇತಮಂಗಲ ಟ್ಯಾಂಕ್’ ಎಂದೇ ಕರೆಯುತ್ತ ಬಂದಿವೆ. ಆ ಶಬ್ದವಾದರೂ ಇಂಗ್ಲೆಂಡಿನ ನೆಲದಲ್ಲಿ ಹುಟ್ಟಿದ್ದಲ್ಲ. ಗುಜರಾತಿ ಮರಾಠಿಗಳ ನೀರಿನ ತೊಟ್ಟಿಯ ಹೆಸರೂ ಪೋರ್ತುಗೀಜರ ಕೊಳದ ಹೆಸರೂ ಸೇರಿ ಇಂಗ್ಲಿಷರ ಬಾಯಿಗೆ ಬಂತೆಂದು ನಿಘಂಟುಕಾರರೇ ಹೇಳುತ್ತಾರೆ. ಮೊದಲನೆಯ ಮಹಾಯುದ್ಧದಲ್ಲಿ ಯುದ್ಧದ ಬಂಡಿಯ ಗುಟ್ಟು ಹೊರಬೀಳದಿರಲೆಂದು ಅದಕ್ಕೆ ನೀರಿನ ತೊಟ್ಟಿಯ ಹೆಸರಿಟ್ಟರು. ಆ ಗುಟ್ಟಿನ ಹೆಸರೇ ನಿಂತಿತು. ಹೀಗಿರುವಾಗ ನಮ್ಮ ಹುಡುಗನು ಯುದ್ಧದ ಬಂಡಿಯನ್ನು ಕಂಠಪಾಠ ಮಾಡುತ್ತಾನೆ; ಕೆರೆಯು ಅವನ ಪುಸ್ತಕದೊಳಗೆ ಬರುವುದೇ ಇಲ್ಲ.

ಅದೇ ನಿಘಂಟಿನಲ್ಲಿ ‘ರೀಫ್’ ಎಂಬ ಶಬ್ದವನ್ನೂ ನೋಡಬಹುದು. ಸಮುದ್ರದ ನೀರಿನ ಮಟ್ಟಕ್ಕೆ ಸಮೀಪವಾಗಿ ಹಬ್ಬಿರುವ ಬಂಡೆಗಳ ಅಥವಾ ಹವಳದ ಸಾಲು ಎಂದು ಅರ್ಥ. ಹಡಗು ಅದಕ್ಕೆ ತಾಗಿ ಒಡೆಯಿತು ಎಂದು ಉದಾಹರಣೆ. ಬೇತಮಂಗಲದಿಂದ ಕೆಲವೇ ಮೈಲಿಗಳಾಚೆ ಚಾಂಪಿಯನ್ ರೀಫ್ ಇದೆ. ಅಲ್ಲಿ ಸಮುದ್ರವೂ ಇಲ್ಲ, ಹಡಗೂ ಇಲ್ಲ. ಭೂಮಿಯೊಳಗೆ ಮೂರು ಕಿಲೋಮೀಟರಿಗಿಂತಲೂ ಆಳಕ್ಕಿಳಿದ ಗಣಿ ಇದೆ. ಚಿನ್ನವಿರುವ ಬೆಣಚುಕಲ್ಲಿನ ಪದರಕ್ಕೆ ಗಣಿಗಾರರು ‘ರೀಫ್’ ಎನ್ನುತ್ತಾರೆಂಬುದನ್ನು ಈ ಸೀಮೆಯ ಮಗುವಿಗೆ ಯಾರೂ ಹೇಳಿಕೊಡುವುದಿಲ್ಲ. ಅಜ್ಜನು ದುಡಿದ ಸ್ಥಳದ ಹೆಸರಿನ ಅರ್ಥವನ್ನು ತಿಳಿಯದೆಯೇ ಮೊಮ್ಮಗನು ಇಂಗ್ಲಿಷಿನಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಬಲ್ಲನು!

ಈ ಎರಡು ಶಬ್ದಗಳ ವೃತ್ತಾಂತವನ್ನು ನಾವು ವಿನೋದಕ್ಕಾಗಿ ಹೇಳುತ್ತಿಲ್ಲ. ನಮ್ಮ ನಾಡಿನ ಸಣ್ಣ ಪಟ್ಟಣಗಳಲ್ಲಿ ಇಂಗ್ಲಿಷು ಶಬ್ದಗಳನ್ನೂ ನುಡಿಗಟ್ಟುಗಳನ್ನೂ ಕಲಿಸುತ್ತಿರುವ ಕ್ರಮವು ಮೂಲದಿಂದಲೇ ತಪ್ಪಾಗಿದೆಯೆಂಬುದು ನಮ್ಮ ವಾದ. ನಮ್ಮ ಆಕ್ಷೇಪಣೆಯು ಇಂಗ್ಲಿಷಿನ ಮೇಲಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸುವುದು ಒಳ್ಳೆಯದು. ಏಕೆಂದರೆ ಕನ್ನಡದ ಹೆಸರೆತ್ತಿದ ಕೂಡಲೆ ‘ಇವರು ನಮ್ಮ ಮಕ್ಕಳ ಅನ್ನಕ್ಕೆ ಕಲ್ಲು ಹಾಕುವವರು’ ಎಂದು ಕೂಗುವ ಮಹನೀಯರು ಪ್ರತಿಯೊಂದು ಊರಿನಲ್ಲಿಯೂ ಇರುತ್ತಾರೆ. ಮೈಸೂರಿನಲ್ಲಿ ಇಂಗ್ಲಿಷು ಬೋಧಿಸುತ್ತಿದ್ದ ಬಿ. ಎಂ. ಶ್ರೀಕಂಠಯ್ಯನವರೇ 1911ರಲ್ಲಿ ಧಾರವಾಡಕ್ಕೆ ಹೋಗಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದರು. ಕೋಲಾರ ಜಿಲ್ಲೆಯವರೇ ಆದ ಮಾಸ್ತಿಯವರು ಮದರಾಸಿನಲ್ಲಿ ಇಂಗ್ಲಿಷು ಎಂ. ಎ. ಮಾಡಿದವರು. ಮುಳಬಾಗಿಲಿನ ಡಿ. ವಿ. ಗುಂಡಪ್ಪನವರು ಕಾಲೇಜಿನ ಮೆಟ್ಟಿಲು ಹತ್ತದೆ ಇಂಗ್ಲಿಷು ಪತ್ರಿಕೆಯನ್ನು ನಡೆಸಿದವರು. ಇವರಿಗೆ ಇಂಗ್ಲಿಷು ಬಂದದ್ದು ಕನ್ನಡವನ್ನು ಬಿಟ್ಟದ್ದರಿಂದಲ್ಲ.

ಇಂಗ್ಲಿಷು ಅನ್ನದ ಪ್ರಶ್ನೆಯೆಂಬುದನ್ನು ಈ ಸೀಮೆಯವರಿಗೆ ಬೇರೆಯವರು ಹೇಳಬೇಕಾಗಿಲ್ಲ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪೆನಿಯವರ ಆಡಳಿತದಲ್ಲಿ ಗಣಿಗಳು ಬೆಳೆದುವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಇಲ್ಲಿಗೆ ಬಂತು. ಬೇತಮಂಗಲದ ನೀರು ಗಣಿಯ ಊರುಗಳ ದಾಹವನ್ನು ತಣಿಸಿತು. ರಾಬರ್ಟ್‌ಸನ್ ಪೇಟೆ, ಆಂಡರ್ಸನ್ ಪೇಟೆ ಮುಂತಾದ ದೊರೆಗಳ ಹೆಸರುಗಳು ನೆಲಕ್ಕೆ ಅಂಟಿಕೊಂಡುವು. (ಕಮಿಷನರ್ ಬೌರಿಂಗ್ ಸಾಹೇಬರ ಹೆಸರಿನ ಬೌರಿಂಗ್ ಪೇಟೆಯೊಂದನ್ನು ಮಾತ್ರ ನಮ್ಮ ಜನರ ನಾಲಗೆ ಬಂಗಾರಪೇಟೆಯನ್ನಾಗಿ ಮಾಡಿ ಸೇಡು ತೀರಿಸಿಕೊಂಡಿತು.) ತಮಿಳು ಸೀಮೆಯಿಂದಲೂ ತೆಲುಗು ಸೀಮೆಯಿಂದಲೂ ಬಂದ ಕೂಲಿಕಾರರು ನಿಘಂಟನ್ನೆಂದೂ ಮುಟ್ಟಿದವರಲ್ಲ, ಆದರೂ ‘ಶಾಫ್ಟ್’, ‘ಶಿಫ್ಟ್’, ‘ಲೆವೆಲ್’, ‘ಕೇಜ್’ ಎಂಬ ಶಬ್ದಗಳನ್ನು ಒಂದು ಕೂದಲೆಳೆಯಷ್ಟೂ ತಪ್ಪಿಲ್ಲದೆ ಬಳಸಿದರು. ಕೂಲಿಕಾರನಿಗೆ ‘ಕೇಜ್’ ಎಂದರೆ ಹಕ್ಕಿಯ ಪಂಜರವಲ್ಲ. ಪಾತಾಳಕ್ಕಿಳಿಸಿ ಮತ್ತೆ ಬೆಳಕಿಗೆ ತರುವ ತೊಟ್ಟಿಲು. ಶಬ್ದವೂ ವಸ್ತುವೂ ಅವನಿಗೆ ಒಟ್ಟಿಗೆ ಸಿಕ್ಕಿದುವು. ಆದುದರಿಂದ ಒಂದನ್ನೊಂದು ಬಿಡಲಿಲ್ಲ.

2001ನೆಯ ಇಸವಿ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಅಂದಿನಿಂದ ಮಾರಿಕುಪ್ಪಂನಿಂದಲೂ ಬಂಗಾರಪೇಟೆಯಿಂದಲೂ ಬೆಳಗಿನ ಜಾವದ ರೈಲುಗಳಲ್ಲಿ ಸಾವಿರಾರು ಮಂದಿ ಬೆಂಗಳೂರಿಗೆ ಕೂಲಿಗಾಗಿ, ನೌಕರಿಗಾಗಿ ಹೋಗಿಬರುತ್ತಿದ್ದಾರೆ. ಅಲ್ಲಿ ಅವರನ್ನು ಅಳೆಯುವ ಮೊದಲನೆಯ ಅಳತೆಗೋಲು ಇಂಗ್ಲಿಷು. ಅಂಗಡಿಯ ಬಾಗಿಲು ಕಾಯುವವನಿಗೂ ಇಂಗ್ಲಿಷಿನ ನಾಲ್ಕು ಮಾತು ಬೇಕು. ಲೆಕ್ಕ ಬರೆಯುವವನಿಗೆ ನಾನೂರು ಬೇಕು. ಇಂಥ ಊರಿನಲ್ಲಿ ‘ಇಂಗ್ಲಿಷು ಬೇಡ’ ಎನ್ನುವವನು ಹುಚ್ಚನಾಗಿರಬೇಕು, ಇಲ್ಲವೆ ಪಿತ್ರಾರ್ಜಿತ ಆಸ್ತಿ ಉಳ್ಳವನಾಗಿರಬೇಕು. ಅಷ್ಟೊಂದು ಅಗತ್ಯವಾದ ವಿದ್ಯೆಯನ್ನು ಅಷ್ಟೊಂದು ಕೆಟ್ಟದಾಗಿ ಕಲಿಸುತ್ತಿದ್ದಾರಲ್ಲ ಎಂಬುದೇ ನಮ್ಮ ಸಂಕಟ.

ಆ ಕಲಿಕೆಯ ಸ್ವರೂಪವನ್ನು ಉಪಾಧ್ಯಾಯರಾದ ವಾಚಕರು ಬಲ್ಲರು. ಪಾಠದ ಕೊನೆಯಲ್ಲಿ ‘ಕಠಿನ ಪದಗಳು’ ಎಂದು ಹತ್ತು ಹದಿನೈದು ಶಬ್ದಗಳ ಪಟ್ಟಿ. ಪ್ರತಿ ಶಬ್ದದ ಮುಂದೆ ಒಂದು ಗೀಟು. ಗೀಟಿನಾಚೆ ಮತ್ತೊಂದು ಇಂಗ್ಲಿಷು ಶಬ್ದ. ‘ಹ್ಯೂಜ್’ ಎಂದರೆ ‘ಎನಾರ್ಮಸ್’. ‘ಎನಾರ್ಮಸ್’ ಎಂದರೆ ‘ಇಮೆನ್ಸ್’. ‘ಇಮೆನ್ಸ್’ ಎಂದರೆ ಮತ್ತೆ ‘ಹ್ಯೂಜ್’. ಗಾಣದ ಎತ್ತು ದಿನವೆಲ್ಲ ನಡೆದು ಹೊರಟಲ್ಲಿಯೇ ನಿಲ್ಲುವಂತೆ, ಮಗುವಿನ ನಾಲಗೆಯು ಮೂರು ಶಬ್ದಗಳನ್ನು ಸುತ್ತಿ ಬರುತ್ತದೆ; ‘ಬಹಳ ದೊಡ್ಡದು’ ಎಂಬ ಎರಡು ಕನ್ನಡ ಮಾತುಗಳನ್ನು ಮಾತ್ರ ಯಾರೂ ಆಡುವುದಿಲ್ಲ. ಆಡಿದರೆ ದಂಡ! ಕನ್ನಡದಲ್ಲಿ ಮಾತನಾಡಿದ ಮಗುವಿನಿಂದ ಕಾಸು ವಸೂಲು ಮಾಡುವ ಶಾಲೆಗಳು ಕನ್ನಡ ನಾಡಿನಲ್ಲಿಯೇ ಇವೆಯೆಂಬುದು ನಾಚಿಕೆಗೇಡು. ಇನ್ನು ಬಸ್ ನಿಲ್ದಾಣದ ಪುಸ್ತಕದಂಗಡಿಗಳಲ್ಲಿ ಮೂವತ್ತು ದಿನಗಳಲ್ಲಿ ಇಂಗ್ಲಿಷು ಕಲಿಸುವೆವೆಂಬ ಕೈಪಿಡಿಗಳು ತೂಗಾಡುತ್ತಿವೆ. ದೂರವಾಣಿಯ ತೆರೆಯ ಮೇಲೆ ದಿನಕ್ಕೊಂದು ಶಬ್ದ ಕಳುಹಿಸುವವರೂ ಇದ್ದಾರೆ. ಶಬ್ದವು ಬರುತ್ತದೆ, ಅರ್ಥವು ಬರುತ್ತದೆ, ಕೆಳಗೆ ಒಂದು ವಾಕ್ಯವೂ ಬರುತ್ತದೆ. ಆ ವಾಕ್ಯದಲ್ಲಿ ಹಿಮ ಬೀಳುತ್ತಿರುತ್ತದೆ, ಇಲ್ಲವೆ ಯಾರೋ ಒಬ್ಬರು ಅಗ್ಗಿಷ್ಟಿಕೆಯ ಬಳಿ ಕುಳಿತು ಇನ್ನೊಬ್ಬರ ನಡತೆಯನ್ನು ಮೆಚ್ಚುತ್ತಿರುತ್ತಾರೆ. ಮೂವತ್ತೊಂದನೆಯ ದಿನ ಹುಡುಗನು ಬೆಂಗಳೂರಿನ ಕಚೇರಿಯೊಂದರಲ್ಲಿ ಸಂದರ್ಶನಕ್ಕೆ ಕುಳಿತಾಗ ಹಿಮವೂ ಉಪಯೋಗಕ್ಕೆ ಬರುವುದಿಲ್ಲ, ಅಗ್ಗಿಷ್ಟಿಕೆಯೂ ಬರುವುದಿಲ್ಲ.

ಅರ್ಥ ಹೇಳಿ ಉದಾಹರಣೆ ಕೊಡುವ ಕ್ರಮವು ಆಂಗ್ಲರು ತಂದ ಹೊಸ ವಿದ್ಯೆಯೆಂದು ತಿಳಿದವರಿಗೆ ಒಂದು ಮಾತು. ಹದಿಮೂರನೆಯ ಶತಮಾನದ ನಮ್ಮ ಕೇಶಿರಾಜನು ಶಬ್ದಮಣಿದರ್ಪಣವನ್ನು ಬರೆದದ್ದು ಹೇಗೆ? ಮೊದಲು ಸೂತ್ರ, ಅನಂತರ ಅದನ್ನು ಬಿಡಿಸಿ ಹೇಳುವ ವೃತ್ತಿ, ಅದರ ಕೆಳಗೆ ಹಿಂದಿನ ಕವಿಗಳಿಂದ ಆಯ್ದ ಪ್ರಯೋಗ. ಪ್ರಯೋಗವಿಲ್ಲದ ನಿಯಮವನ್ನು ನಂಬಬೇಡವೆಂಬುದು ಅವನ ಪದ್ಧತಿ. ಆ ಗ್ರಂಥವನ್ನು 1872ರಲ್ಲಿ ಸಂಪಾದಿಸಿ ಅಚ್ಚು ಮಾಡಿಸಿದ ಫರ್ಡಿನೆಂಡ್ ಕಿಟ್ಟೆಲ್ ಎಂಬ ಜರ್ಮನ್ ಪಾದ್ರಿಯೇ ಮುಂದೆ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ತನ್ನ ಮಹಾನಿಘಂಟನ್ನು ಹೊರತಂದನು. ಅದರಲ್ಲಿ ಶಬ್ದಕ್ಕೆ ಅರ್ಥವನ್ನಷ್ಟೇ ಅಂಟಿಸಿ ಬಿಡಲಿಲ್ಲ. ಕಾವ್ಯಗಳ ಪ್ರಯೋಗಗಳನ್ನೂ ಹಳ್ಳಿಯ ಜನರ ಬಾಯಿಂದ ಬಂದ ನೂರಾರು ಗಾದೆಗಳನ್ನೂ ಪೋಣಿಸಿದನು. ಕನ್ನಡವನ್ನು ಕಲಿಯಬಂದ ಪರದೇಶಿಯು ಕನ್ನಡದ ಶಬ್ದವನ್ನು ಕನ್ನಡಿಗರ ಮಾತಿನೊಳಗೇ ನೋಡಬೇಕೆಂದು ಅವನು ಬಯಸಿದನು.

ಈಗ ನ್ಯಾಯಾಲಯದಲ್ಲಿ ಸಾಕ್ಷಿಗೆ ಕೇಳುವಂತೆ ಒಂದು ಪ್ರಶ್ನೆಯನ್ನು ಕೇಳುತ್ತೇವೆ. ಕಿಟ್ಟೆಲನ ನಿಘಂಟಿನಲ್ಲಿ ಕನ್ನಡ ಶಬ್ದಗಳ ಅರ್ಥವು ಯಾವ ಭಾಷೆಯಲ್ಲಿದೆ? ಇಂಗ್ಲಿಷಿನಲ್ಲಿ. ಏತಕ್ಕೆ? ಅದನ್ನು ಬಳಸುವ ಪಾದ್ರಿಗಳಿಗೂ ಅಧಿಕಾರಿಗಳಿಗೂ ತಿಳಿದಿದ್ದ ಭಾಷೆ ಅದಾದ್ದರಿಂದ. ಅವನಿಗಿಂತ ಮೊದಲು 1824ರಲ್ಲಿ ರೀವ್ ಎಂಬುವನು ಇಂಗ್ಲಿಷು–ಕನ್ನಡ ನಿಘಂಟನ್ನೂ, 1876ರಲ್ಲಿ ಜೀಗ್ಲರ್ ಎಂಬುವನು ಶಾಲೆಗಳಿಗಾಗಿ ಅಂಥದೇ ಒಂದನ್ನೂ ಕೊಟ್ಟರು. ಅವರು ಎರಡು ಭಾಷೆಗಳನ್ನೂ ಎದುರುಬದುರಾಗಿ ಕೂರಿಸಿದರು. ಕನ್ನಡ ಕಲಿಯಬೇಕಾದ ದೊರೆಗೆ ‘ಕನ್ನಡವನ್ನು ಕನ್ನಡದಿಂದಲೇ ಕಲಿ, ನಿನ್ನ ಭಾಷೆಯನ್ನು ಬಾಗಿಲ ಹೊರಗೆ ಬಿಟ್ಟು ಬಾ’ ಎಂದು ಯಾರಾದರೂ ಹೇಳಿದರೆ? ದೊಡ್ಡವನಾದ ಆಂಗ್ಲನಿಗೆ ಅವನ ಭಾಷೆಯ ಊರುಗೋಲು ನ್ಯಾಯವಾದರೆ, ಎಂಟು ವರ್ಷದ ಕನ್ನಡದ ಮಗುವಿನ ಕೈಯಿಂದ ಅದನ್ನು ಕಿತ್ತುಕೊಳ್ಳುವುದು ಯಾವ ನ್ಯಾಯ? ಈ ಪ್ರಶ್ನೆಗೆ ಉತ್ತರವನ್ನು ನಾವು ಇನ್ನೂ ಕೇಳಿಲ್ಲ.

ಇಂಗ್ಲಿಷಿನ ಅರ್ಥವನ್ನು ಇಂಗ್ಲಿಷಿನಲ್ಲಿಯೇ ಹೇಳಬೇಕೆನ್ನುವವರು ತಮ್ಮ ಪಕ್ಷಕ್ಕೆ ಆಂಗ್ಲ ಪಂಡಿತರ ಸಾಕ್ಷ್ಯವನ್ನು ಕರೆಯುತ್ತಾರೆ. ಆ ಸಾಕ್ಷಿಗಳನ್ನೇ ಪಾಟೀಸವಾಲು ಮಾಡೋಣ. ಪರಭಾಷೆಯವರಿಗಾಗಿ ಇಂಗ್ಲಿಷು ನಿಘಂಟನ್ನು ಹೊಸದಾಗಿ ಕಟ್ಟಿದವರಲ್ಲಿ ಅಗ್ರಗಣ್ಯರಾದ ಮೈಕೇಲ್ ವೆಸ್ಟ್ ಎಂಬುವರು ನಮ್ಮ ದೇಶದಲ್ಲಿಯೇ, ಢಾಕಾದಲ್ಲಿ, ಉಪಾಧ್ಯಾಯರ ತರಬೇತಿ ಕಾಲೇಜಿನಲ್ಲಿದ್ದವರು. ಬಂಗಾಳದ ಹುಡುಗರ ಅವಸ್ಥೆಯನ್ನು ನೋಡಿ 1926ರಲ್ಲಿ ದ್ವಿಭಾಷಾ ಪ್ರಶ್ನೆಯನ್ನು ಕುರಿತು ದೊಡ್ಡ ವರದಿಯನ್ನೇ ಬರೆದರು. ಅರ್ಥವು ಶಬ್ದಕ್ಕಿಂತ ಕಠಿನವಾದರೆ ಆ ಅರ್ಥದಿಂದ ಪ್ರಯೋಜನವೇನು ಎಂಬುದು ಅವರನ್ನು ಕಾಡಿತು. ಡಾಕ್ಟರ್ ಜಾನ್ಸನ್ ಮಹಾಶಯನು 1755ರ ತನ್ನ ನಿಘಂಟಿನಲ್ಲಿ ಬಲೆಯ ಹೆಣಿಗೆಗೆ ಕೊಟ್ಟ ಅರ್ಥವನ್ನು ಓದಿದವನು ಬಲೆಯಲ್ಲಿಯೇ ಸಿಕ್ಕಿಕೊಳ್ಳುವನೆಂಬ ಹಾಸ್ಯ ಇಂಗ್ಲೆಂಡಿನಲ್ಲಿಯೇ ಹಳೆಯದು. ಆದಕಾರಣ ವೆಸ್ಟರು 1935ರಲ್ಲಿ ಪ್ರಕಟಿಸಿದ ನಿಘಂಟಿನಲ್ಲಿ ಸುಮಾರು 24,000 ಶಬ್ದ ಮತ್ತು ನುಡಿಗಟ್ಟುಗಳನ್ನು ಕೇವಲ 1,490 ಸುಲಭ ಶಬ್ದಗಳಿಂದ ವಿವರಿಸಿದರು. ಮುಂದೆ ಜಪಾನಿನಲ್ಲಿ ಬೋಧಿಸುತ್ತಿದ್ದ ಹಾರ್ನ್‌ಬಿಯವರ ನಿಘಂಟು 1942ರಲ್ಲಿ ಅಲ್ಲಿಯೇ ಹೊರಟು, 1948ರಲ್ಲಿ ಆಕ್ಸ್‌ಫರ್ಡಿನವರ ಕೈಗೆ ಬಂತು. ಲಾಂಗ್‌ಮನ್ ಕಂಪೆನಿಯವರು 1978ರಲ್ಲಿ ಸುಮಾರು 2,000 ಶಬ್ದಗಳ ಮಿತಿಯನ್ನು ಹಾಕಿಕೊಂಡರು. 1987ರಲ್ಲಿ ಬರ್ಮಿಂಗ್‌ಹ್ಯಾಮಿನ ಪಂಡಿತರು ಕೊಬಿಲ್ಡ್ ಎಂಬ ನಿಘಂಟನ್ನು ತಂದು, ಜನರು ನಿಜವಾಗಿ ಆಡಿದ ಮತ್ತು ಬರೆದ ಮಾತುಗಳ ರಾಶಿಯಿಂದಲೇ ಉದಾಹರಣೆಗಳನ್ನು ಆರಿಸಿದರು. ಅರ್ಥವನ್ನೂ ತುಂಡು ಮಾತಿನಲ್ಲಿ ಹೇಳದೆ ಪೂರ್ಣ ವಾಕ್ಯದಲ್ಲಿ ಹೇಳಿದರು.

ಇಷ್ಟು ಮಂದಿ ಪಂಡಿತರು ಅರ್ಧ ಶತಮಾನ ಶ್ರಮಪಟ್ಟು ಕಂಡುಕೊಂಡದ್ದೇನು? ಅರ್ಥವು ಕಲಿಯುವವನಿಗೆ ಮೊದಲೇ ಗೊತ್ತಿರುವ ಮಾತಿನಲ್ಲಿರಬೇಕು. ಉದಾಹರಣೆಯು ಬದುಕಿನ ಮಾತಾಗಿರಬೇಕು. 1,490 ಶಬ್ದ ಬಲ್ಲವನಿಗೆ ವೆಸ್ಟರ ನಿಘಂಟು ವರದಾನ. ಆದರೆ ಬೇತಮಂಗಲದ ಐದನೆಯ ತರಗತಿಯ ಮಗುವಿಗೆ ಗೊತ್ತಿರುವ ಇಂಗ್ಲಿಷು ಶಬ್ದಗಳು ಅಷ್ಟಿಲ್ಲವಷ್ಟೆ! ಅದಕ್ಕೆ ಮೊದಲೇ ಗೊತ್ತಿರುವ ಮಾತು ಕನ್ನಡ. ವಿಲಾಯತಿಯ ಪಂಡಿತರ ಸಿದ್ಧಾಂತವನ್ನು ಅವರ ಬಾಯಿಂದಲೇ ಹಿಡಿದು ನಡೆದರೂ ನಾವು ತಲಪುವುದು ಕನ್ನಡದ ಬಾಗಿಲಿಗೇ. ನಮ್ಮಲ್ಲಿ ಆಂಗ್ಲ ಪಂಡಿತರ ಹೆಸರು ಹೇಳಿಕೊಂಡು ಪುಸ್ತಕ ಮಾರುವವರು ಆ ಪಂಡಿತರ ಎಚ್ಚರಿಕೆಯನ್ನು ಮಾತ್ರ ಅಂಗಡಿಗೆ ತರಲಿಲ್ಲ.

ನುಡಿಗಟ್ಟುಗಳ ಸ್ಥಿತಿಯಂತೂ ಶಬ್ದಗಳಿಗಿಂತಲೂ ಶೋಚನೀಯ. ‘ಗಿವ್’ ಎಂದರೆ ಕೊಡು, ‘ಅಪ್’ ಎಂದರೆ ಮೇಲೆ; ಎರಡನ್ನೂ ಬಾಯಿಪಾಠ ಮಾಡಿದ ಹುಡುಗನು ‘ಗಿವ್ ಅಪ್’ ಎಂದರೆ ‘ಮೇಲಕ್ಕೆ ಕೊಡು’ ಎಂದುಕೊಂಡರೆ ಅವನನ್ನು ದಡ್ಡನೆನ್ನುತ್ತೇವೆ. ಅವನು ದಡ್ಡನಲ್ಲ, ತರ್ಕಬದ್ಧನಾಗಿದ್ದಾನೆ. ‘ಗಿವ್ ಅಪ್’ ಎಂದರೆ ‘ಕೈಬಿಡು’ ಎಂದು ಹೇಳಿದ್ದರೆ ಒಂದು ಕ್ಷಣದಲ್ಲಿ ತಿಳಿಯುತ್ತಿದ್ದನು. ಅಷ್ಟೇ ಅಲ್ಲ, ಇಂಥ ಜೋಡಿ ಮಾತುಗಳ ರಹಸ್ಯವೇ ತಿಳಿಯುತ್ತಿತ್ತು. ಏಕೆಂದರೆ ಕನ್ನಡದಲ್ಲಿ ‘ಕೈ’ ಎಂಬ ಒಂದು ಶಬ್ದವೇ ಏನೇನು ಆಟ ಆಡುವುದಿಲ್ಲ! ಕೈಹಿಡಿದವನು ಗಂಡ, ಕೈಮಾಡಿದವನು ಹೊಡೆದವನು, ಕೈಚಾಚಿದವನು ಬೇಡಿದವನು, ಕೈಗೂಡಿದ್ದು ಫಲಿಸಿದ ಕೆಲಸ, ಕೈಮೀರಿದ್ದು ಹತೋಟಿ ತಪ್ಪಿದ್ದು, ಕೈತೊಳೆದುಕೊಂಡದ್ದು ಆಸೆ ಬಿಟ್ಟದ್ದು. ‘ಕೈ’ ಮತ್ತು ‘ಹಿಡಿ’ ಎಂಬ ಬಿಡಿ ಶಬ್ದಗಳ ಅರ್ಥವನ್ನು ಕೂಡಿಸಿದರೆ ಮದುವೆಯೆಂಬ ಅರ್ಥ ಬರುವುದೆ? ಈ ಗುಟ್ಟನ್ನು ಹುಟ್ಟಿನಿಂದ ಬಲ್ಲ ಮಗುವಿಗೆ ಇಂಗ್ಲಿಷಿನ ಜೋಡಿ ಮಾತುಗಳು ಪರಕೀಯವಾಗಬೇಕಾಗಿಲ್ಲ. ‘ಲುಕ್ ಆಫ್ಟರ್’ ಎಂದರೆ ‘ನೋಡಿಕೋ’ ಎಂದು ಒಮ್ಮೆ ಹೇಳಿದರೆ ಸಾಕು. ಇಲ್ಲಿಯೂ ‘ನೋಡು’, ಅಲ್ಲಿಯೂ ‘ನೋಡು’.

ಆದರೆ ಇಲ್ಲಿ ಅಪಾಯವೂ ಉಂಟು. ‘ಅವನು ನನಗೆ ಕೈಕೊಟ್ಟ’ ಎಂದರೆ ನಮ್ಮಲ್ಲಿ ನಂಬಿಸಿ ಮೋಸ ಮಾಡಿದನೆಂದು ಅರ್ಥ. ಅದನ್ನೇ ಶಬ್ದಶಃ ಇಂಗ್ಲಿಷಿಗೆ ಹೊರಳಿಸಿ ‘ಹಿ ಗೇವ್ ಮಿ ಎ ಹ್ಯಾಂಡ್’ ಎಂದರೆ ಸಹಾಯ ಮಾಡಿದನೆಂದಾಗುತ್ತದೆ. ದ್ರೋಹಿಯು ಉಪಕಾರಿಯಾಗಿಬಿಟ್ಟ! ಇಂಥ ಕಡೆಗಳಲ್ಲಿ ಕನ್ನಡವನ್ನು ಎದುರಿಗಿಟ್ಟು ಎಚ್ಚರಿಸದೆ ಹೋದರೆ ಮಗುವು ಕನ್ನಡವನ್ನು ಮನಸ್ಸಿನೊಳಗೆ ಗುಟ್ಟಾಗಿ ಇಟ್ಟುಕೊಂಡು ತಪ್ಪು ತರ್ಜುಮೆಯನ್ನೇ ಮಾಡುತ್ತದೆ. ತರಗತಿಯಿಂದ ಕನ್ನಡವನ್ನು ಓಡಿಸಬಹುದು, ತಲೆಯಿಂದ ಓಡಿಸಲಾಗದು. ‘ಐ ಯಾಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎನ್ನುವವನು ಇಂಗ್ಲಿಷಿನಲ್ಲಿ ಯೋಚಿಸಿದವನಲ್ಲ. ‘ನನಗೆ ಇಬ್ಬರು ತಮ್ಮಂದಿರಿದ್ದಾರೆ’ ಎಂಬ ವಾಕ್ಯದ ‘ಇದ್ದಾರೆ’ಯನ್ನು ಎಲ್ಲಿ ಇರಿಸಬೇಕೆಂದು ಯಾರೂ ಹೇಳಿಕೊಡದಿದ್ದುದರಿಂದ ತೋಚಿದ ಕಡೆ ಇರಿಸಿದನು. ನಮ್ಮಲ್ಲಿ ‘ನನಗೆ’ ಹಸಿವಾಗುತ್ತದೆ, ‘ನನಗೆ’ ಗೊತ್ತಾಗುತ್ತದೆ, ‘ನನಗೆ’ ಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ‘ನಾನು’ ಎಂಬುದೇ ಕರ್ತೃ. ಈ ಒಂದು ಭೇದವನ್ನು ಕನ್ನಡದಲ್ಲಿ ಕಾಲು ಗಂಟೆ ವಿವರಿಸಿದರೆ ಒಂದು ವರ್ಷದ ಕೆಂಪು ಶಾಯಿ ಉಳಿಯುತ್ತದೆ.

ಮರ್ಯಾದೆಯ ಮಾತುಗಳದು ಬೇರೊಂದು ಅಧ್ಯಾಯ. ‘ನೀರು ಕೊಡಿ’ ಎನ್ನುವ ನಮ್ಮ ಹುಡುಗನು ಒರಟನಲ್ಲ. ‘ಕೊಡಿ’ ಎಂಬ ಕ್ರಿಯಾಪದದ ಕೊನೆಯ ಇಕಾರದಲ್ಲಿಯೇ ಅವನ ವಿನಯವೆಲ್ಲ ಅಡಗಿದೆ. ಅದನ್ನೇ ‘ಗಿವ್ ವಾಟರ್’ ಎಂದು ಹೊರಳಿಸಿದೊಡನೆ ಆ ಇಕಾರವು ದಾರಿಯಲ್ಲಿ ಬಿದ್ದುಹೋಗಿ ಅಪ್ಪಣೆಯೊಂದೇ ಉಳಿಯುತ್ತದೆ. ಬೆಂಗಳೂರಿನ ಮೇಲಧಿಕಾರಿಯು ‘ಈ ಹುಡುಗನಿಗೆ ನಡತೆಯಿಲ್ಲ’ ಎಂದುಕೊಳ್ಳುತ್ತಾನೆ. ಇಂಗ್ಲಿಷಿನಲ್ಲಿ ವಿನಯವು ಕ್ರಿಯಾಪದದ ಬಾಲದಲ್ಲಿಲ್ಲ, ವಾಕ್ಯದ ಮುಂದೆ ‘ಕುಡ್ ಯೂ’ ಎಂದು ನಿಲ್ಲುತ್ತದೆಂಬುದನ್ನು ಹೇಳಿಕೊಡುವವರಾರು? ಹೊರಡುವಾಗ ‘ಹೋಗುತ್ತೇನೆ’ ಎನ್ನಬಾರದು, ‘ಹೋಗಿ ಬರುತ್ತೇನೆ’ ಎನ್ನಬೇಕೆಂದು ತಾಯಿ ಕಲಿಸಿದ ಶುಭವಚನವನ್ನು ‘ಐ ವಿಲ್ ಗೋ ಅಂಡ್ ಕಮ್’ ಎಂದು ಹೇಳಿ ನಗೆಗೀಡಾದವರು ಎಷ್ಟು ಮಂದಿ! ನಕ್ಕವರಿಗೆ ಆ ಮಾತಿನ ಹಿಂದಿರುವ ಸಂಸ್ಕಾರ ತಿಳಿಯದು. ನಗೆಗೀಡಾದವನಿಗೆ ತಾನೇನು ತಪ್ಪು ಮಾಡಿದೆನೆಂಬುದು ತಿಳಿಯದು.

ಇನ್ನು ವ್ಯವಹಾರಕ್ಕೆ ಬರೋಣ. ಕೋರ್ಟು ಕಚೇರಿಗಳ ಪರಿಚಯವುಳ್ಳವರು ನಿತ್ಯವೂ ನೋಡುವ ಸಂಗತಿಯಿದು. ಕರ್ನಾಟಕ ರಾಜಭಾಷಾ ಅಧಿನಿಯಮವು 1963ರಷ್ಟು ಹಿಂದಿನದು. ಆದರೂ ಸಾಲದ ಕಾಗದಗಳಲ್ಲಿ, ವಿಮೆಯ ಪತ್ರಗಳಲ್ಲಿ, ನೌಕರಿಯ ಕರಾರುಗಳಲ್ಲಿ ಇಂಗ್ಲಿಷೇ ದೊರೆ. ‘ಗ್ಯಾರಂಟಿ’ ಎಂಬ ಶಬ್ದವನ್ನು ನಮ್ಮ ರೈತನು ಅಂಗಡಿಯಲ್ಲಿ ಕಲಿತನು. ಎರಡು ವರ್ಷದೊಳಗೆ ಪಂಪು ಕೆಟ್ಟರೆ ಬದಲಾಯಿಸಿ ಕೊಡುತ್ತಾರೆಂಬುದು ಅವನು ಬಲ್ಲ ಅರ್ಥ. ಆದುದರಿಂದ ನೆಂಟನೊಬ್ಬನ ಸಾಲದ ಪತ್ರದಲ್ಲಿ ‘ಗ್ಯಾರಂಟರ್’ ಎಂದಿರುವ ಕಡೆ ರುಜು ಹಾಕುವಾಗ ಅವನ ಕೈ ನಡುಗುವುದಿಲ್ಲ. ‘ಜಾಮೀನುದಾರ’ ಎಂದು ಬರೆದಿದ್ದರೆ ನಡುಗುತ್ತಿತ್ತು. ‘ಜಾಮೀನು ನಿಂತು ಕೆಟ್ಟ’ವರ ಕಥೆಗಳನ್ನು ಅವನು ಅಜ್ಜಿಯಿಂದ ಕೇಳಿದ್ದಾನೆ. 1872ರ ಕರಾರು ಕಾಯಿದೆಯ 128ನೆಯ ಕಲಮಿನಂತೆ, ಬೇರೆ ಕರಾರಿಲ್ಲದಿದ್ದರೆ, ಜಾಮೀನುದಾರನ ಹೊಣೆಯು ಮೂಲ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ನೋಟೀಸು ಮನೆಗೆ ಬಂದ ದಿನ ಆ ಇಂಗ್ಲಿಷು ಶಬ್ದದ ಎರಡನೆಯ ಅರ್ಥವು ಅವನಿಗೆ ತಿಳಿಯುತ್ತದೆ.

ಇಂಥವು ಎಷ್ಟೋ ಇವೆ. ‘ಎಕ್ಸಿಕ್ಯೂಟ್’ ಎಂದರೆ ಪತ್ರವನ್ನು ಬರೆದುಕೊಡುವುದೂ ಹೌದು, ಡಿಕ್ರಿಯನ್ನು ಅಮಲಿಗೆ ತರುವುದೂ ಹೌದು, ಗಲ್ಲಿಗೇರಿಸುವುದೂ ಹೌದು. ‘ಸ್ಯಾಂಕ್ಷನ್’ ಎಂದರೆ ಮಂಜೂರು ಮಾಡುವುದು. ಅದೇ ಶಬ್ದಕ್ಕೆ ಶಿಕ್ಷೆಯಾಗಿ ನಿರ್ಬಂಧ ವಿಧಿಸುವುದೆಂಬ ಅರ್ಥವೂ ಇದೆ. ‘ವೇವ್’ ಎಂದರೆ ಅಲೆ ಎಂದು ಕಂಠಪಾಠ ಮಾಡಿದವನು, ಕರಾರಿನಲ್ಲಿ ಅದೇ ಉಚ್ಚಾರದ ಬೇರೊಂದು ಶಬ್ದ ಕಂಡಾಗ ತನ್ನ ಹಕ್ಕನ್ನು ತಾನೇ ಬಿಟ್ಟುಕೊಡುತ್ತಿದ್ದೇನೆಂದು ತಿಳಿಯುವುದು ಹೇಗೆ? ಒಂದು ಶಬ್ದಕ್ಕೆ ಒಂದೇ ಅರ್ಥವೆಂದು ಪಟ್ಟಿ ಕೊಟ್ಟು ಕಲಿಸಿದವರು ಈ ಅನರ್ಥಗಳಲ್ಲಿ ಪಾಲುದಾರರಲ್ಲವೆ?

ನಮ್ಮ ವಿರುದ್ಧ ಹೇಳಬಹುದಾದ ಮಾತುಗಳಲ್ಲಿ ಬಲವುಳ್ಳದ್ದೊಂದಿದೆ. ಬೇತಮಂಗಲದ ಸುತ್ತಿನಲ್ಲಿ ಮನೆಮನೆಗೂ ಕನ್ನಡವಿದೆಯೆ? ಎಷ್ಟೋ ಮನೆಗಳಲ್ಲಿ ತೆಲುಗು, ಗಣಿಯ ಕಡೆಗೆ ತಮಿಳು, ಮುಸಲ್ಮಾನ ಬಂಧುಗಳಲ್ಲಿ ಉರ್ದು. ಹೀಗಿರುವಲ್ಲಿ ಕನ್ನಡದ ಮೂಲಕ ಇಂಗ್ಲಿಷು ಎಂದರೆ ಒಂದು ಪರಭಾಷೆಯ ಮೂಲಕ ಇನ್ನೊಂದಲ್ಲವೆ? ಒಪ್ಪತಕ್ಕ ಸಂಗತಿ. ಆದರೆ ಈ ಗಡಿಯ ಮಗುವು ಓಣಿಯಲ್ಲಿ ಆಡುತ್ತಲೇ ಎರಡು ಮೂರು ಭಾಷೆಗಳನ್ನು ನುಂಗಿಬಿಟ್ಟಿರುತ್ತದೆ. ‘ಚೆರುವು’ ಎಂದರೂ ‘ಕೆರೆ’ ಎಂದರೂ ಅದು ಕಾಣುವುದು ಅದೇ ನೀರನ್ನು. ‘ಬಿಯ್ಯಂ’, ‘ಅರಿಸಿ’, ‘ಅಕ್ಕಿ’ ಎಂಬುವು ಅದಕ್ಕೆ ಮೂರು ಅಂಗಡಿಗಳ ಒಂದೇ ಮಾಲು. ಅಕ್ಕಿಯೂ ಅನ್ನವೂ ಬೇರೆ ಬೇರೆಯೆಂಬ ವಿವೇಕ ಈ ಮೂರು ಭಾಷೆಗಳಲ್ಲಿಯೂ ಉಂಟು. ಎರಡಕ್ಕೂ ‘ರೈಸ್’ ಎಂಬ ಒಂದೇ ಮಾತನ್ನಾಡುವ ಬಡತನ ಇಂಗ್ಲಿಷಿಗೆ ಮಾತ್ರ. ಅಣ್ಣ ತಮ್ಮ ಎಂಬ ಭೇದವೂ ಹಾಗೆಯೇ. ಆದುದರಿಂದ ಅವಶ್ಯವಿದ್ದಲ್ಲಿ ಉಪಾಧ್ಯಾಯರು ತೆಲುಗಿನ ಮಾತನ್ನೋ ತಮಿಳಿನ ಮಾತನ್ನೋ ಆಡಿ ತಿಳಿಸಲಿ, ನಮಗೆ ಅಭ್ಯಂತರವಿಲ್ಲ. ಓದುಬರಹದ ಭಾಷೆಯಾಗಿ ಎಲ್ಲರನ್ನೂ ಒಂದೇ ಹಲಗೆಯ ಮುಂದೆ ಕೂರಿಸುವುದು ಇಲ್ಲಿ ಕನ್ನಡವೇ ಎಂಬುದನ್ನು ಅವರೂ ಅಲ್ಲಗಳೆಯಲಾರರು.

ಎರಡನೆಯ ಆಕ್ಷೇಪಣೆ, ಮಗುವು ತಾಯಿನುಡಿಯನ್ನು ನಿಘಂಟಿಲ್ಲದೆ ಕಲಿಯುವಂತೆಯೇ ಇಂಗ್ಲಿಷನ್ನೂ ಕಲಿಯಲಿ ಎಂಬುದು. ಶಿಶುವಿಗೆ ತಾಯಿಯ ಮಡಿಲಿನಲ್ಲಿ ಎಚ್ಚರವಿರುವಷ್ಟು ಹೊತ್ತೂ ಪಾಠವೇ. ನಮ್ಮ ಶಾಲೆಯ ಮಗುವಿಗೆ ಇಂಗ್ಲಿಷು ಕಿವಿಗೆ ಬೀಳುವುದು ದಿನಕ್ಕೊಂದು ಪಿರಿಯಡ್ಡು. ಮಡಿಲಿನ ನ್ಯಾಯವನ್ನು ಬೆಂಚಿಗೆ ಹೊಂದಿಸಲಾಗದು.

ಕನ್ನಡದ ಪಂಡಿತರಿಗೂ ಎರಡು ಕಟು ಮಾತುಗಳನ್ನು ಹೇಳದೆ ಬಿಡಲಾರೆವು. ಇಂಗ್ಲಿಷು ಶಬ್ದಕ್ಕೆ ಕನ್ನಡದ ಅರ್ಥವನ್ನು ಕೊಡಿ ಎಂದರೆ, ಅದಕ್ಕಿಂತಲೂ ಗಟ್ಟಿಯಾದ ಸಂಸ್ಕೃತ ಸಮಾಸವನ್ನು ಕೊಡುವ ಚಟ ಇವರಿಗೆ. ಇಂಗ್ಲಿಷಿನ ಒಂದು ಕಲ್ಲನ್ನು ಒಡೆಯಲಾಗದ ಹುಡುಗನಿಗೆ ಇನ್ನೊಂದು ಕಲ್ಲನ್ನು ಕೊಟ್ಟಂತಾಯಿತು. ಮೈಸೂರು ವಿಶ್ವವಿದ್ಯಾನಿಲಯದವರು 1946ರಲ್ಲಿಯೇ ಇಂಗ್ಲಿಷು–ಕನ್ನಡ ನಿಘಂಟನ್ನು ಪ್ರಕಟಿಸಿದರು. ಅದು ವಿದ್ವಾಂಸರ ಮೇಜಿಗೆ ಯೋಗ್ಯವಾದ ಗ್ರಂಥ. ಜನರ ಬಾಗಿಲಿಗೆ ನಿಘಂಟನ್ನು ಕೊಂಡೊಯ್ದವರೆಂದರೆ ಜಿ. ವೆಂಕಟಸುಬ್ಬಯ್ಯನವರು. 1913ರಲ್ಲಿ ಹುಟ್ಟಿ 2021ರವರೆಗೆ ಬಾಳಿದ ಆ ಹಿರಿಯರು ‘ಇಗೋ ಕನ್ನಡ’ ಎಂಬ ಅಂಕಣದಲ್ಲಿ ಓದುಗರು ಕೇಳಿದ ಶಬ್ದಗಳಿಗೆ ಪತ್ರಿಕೆಯ ಪುಟದಲ್ಲಿಯೇ ಉತ್ತರ ಹೇಳಿದರು. ಅಂಥ ತಾಳ್ಮೆಯ ಕೆಲಸವು ಇಂಗ್ಲಿಷು ಕಲಿಯುವ ಕನ್ನಡದ ಮಕ್ಕಳಿಗಾಗಿಯೂ ನಡೆಯಬೇಕಾಗಿದೆ.

ಸರ್ಕಾರದ ವಿಷಯ ಹೆಚ್ಚು ಹೇಳುವುದಿಲ್ಲ. 2007–08ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ವಿಷಯವಾಗಿ ತಂದರು. ಶಿಕ್ಷಣದ ಮಾಧ್ಯಮವನ್ನು ಆರಿಸುವ ಹಕ್ಕು ತಂದೆತಾಯಿಗಳದೆಂದು 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ತೀರ್ಪಿತ್ತಿತು. 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷು ಮಾಧ್ಯಮದ ವಿಭಾಗಗಳು ತೆರೆದುವು. ಯಾವ ಮಾಧ್ಯಮವೆಂಬ ವ್ಯಾಜ್ಯವು ಮೇಲಿನ ನ್ಯಾಯಾಲಯಗಳನ್ನೆಲ್ಲ ಹತ್ತಿಳಿಯಿತು. ಶಬ್ದಕ್ಕೆ ಅರ್ಥವನ್ನು ಹೇಗೆ ಹೇಳಬೇಕೆಂಬ ಸಣ್ಣ ಪ್ರಶ್ನೆಯನ್ನು ಮಾತ್ರ ಯಾರೂ ವಿಚಾರಣೆಗೆ ತೆಗೆದುಕೊಳ್ಳಲಿಲ್ಲ.

ಅದನ್ನು ಉಪಾಧ್ಯಾಯರೇ ತೆಗೆದುಕೊಳ್ಳಬೇಕು. ಇಂಗ್ಲಿಷಿನ ಅತಿ ಬಳಕೆಯ ಸುಮಾರು ಎರಡು ಸಾವಿರ ಶಬ್ದಗಳನ್ನು ಚೆನ್ನಾಗಿ ಬಲ್ಲವನಿಗೆ ಸಾಧಾರಣ ಬರಹದ ಐದರಲ್ಲಿ ನಾಲ್ಕು ಪಾಲಿನಷ್ಟು ಶಬ್ದಗಳು ಪರಿಚಿತವಾಗಿರುತ್ತವೆಂದು ಭಾಷಾತಜ್ಞರು ಲೆಕ್ಕ ಹಾಕಿದ್ದಾರೆ. ವೆಸ್ಟರೇ 1953ರಲ್ಲಿ ಅಂಥದೊಂದು ಪಟ್ಟಿಯನ್ನು ಅರ್ಥಭೇದಗಳ ಸಮೇತ ಪ್ರಕಟಿಸಿದರು. ದಿನಕ್ಕೆ ಐದು ಶಬ್ದವೆಂದರೂ ನಾನೂರು ದಿನಗಳ ಕೆಲಸ, ಮೂವತ್ತು ದಿನಗಳದ್ದಲ್ಲ. ಆ ಶಬ್ದಗಳಿಗೆ ಮನೆಮಾತಿನ ಕನ್ನಡದಲ್ಲಿ ಅರ್ಥ ಬರೆಯಬೇಕು. ಅರ್ಥ ಎರಡಿದ್ದರೆ ಎರಡನ್ನೂ ಬರೆಯಬೇಕು. ವಾಕ್ಯಗಳು ಈ ನೆಲದವಾಗಿರಬೇಕು. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಬೆಲೆ ‘ಬಿದ್ದಾಗ’ ಇಂಗ್ಲಿಷಿನಲ್ಲಿಯೂ ಅದು ಬೀಳುತ್ತದೆ; ‘ಫಾಲ್’ ಎಂಬ ಶಬ್ದವನ್ನು ಕಲಿಸಲು ಎಲೆ ಉದುರುವ ವಿಲಾಯತಿಯ ಋತುವಿಗಾಗಿ ಕಾಯಬೇಕೆ? ಡೇರಿಯ ಹಾಲಿನ ಚೀಟಿ, ರೈಲಿನ ಪಾಸು, ಸಾಲದ ಅರ್ಜಿ, ರೇಷ್ಮೆಗೂಡಿನ ಹರಾಜು, ಆಸ್ಪತ್ರೆಯ ಚೀಟಿ ಇವುಗಳಲ್ಲಿ ಬರುವ ಇಂಗ್ಲಿಷನ್ನೆಲ್ಲ ಮಕ್ಕಳಿಂದಲೇ ತರಿಸಿ, ಹಲಗೆಯ ಮೇಲೆ ಬರೆದು, ಕನ್ನಡದಲ್ಲಿ ಬಿಡಿಸಿ ಹೇಳಿ, ಅದೇ ಶಬ್ದದಿಂದ ಅವರಿಂದ ಹೊಸ ವಾಕ್ಯ ಹೇಳಿಸಬೇಕು. ದೂರದ ಬದುಕಿನ ವಾಕ್ಯಗಳು ಆಮೇಲೆ ಬರಲಿ, ಬೇಡವೆನ್ನುವುದಿಲ್ಲ.

ಒಂದು ಹೋಬಳಿಯ ಹತ್ತು ಮಂದಿ ಉಪಾಧ್ಯಾಯರು ಕೂಡಿದರೆ ಒಂದು ಬೇಸಗೆಯ ರಜದಲ್ಲಿ ಮೊದಲಿನ ಐನೂರು ಶಬ್ದಗಳು ಸಿದ್ಧವಾಗುತ್ತವೆ. ಆ ಕೈಬರಹವನ್ನು ಬೇತಮಂಗಲದಲ್ಲಿ ತೆಲುಗು ಬಲ್ಲವರೊಬ್ಬರೂ, ಗಣಿಯ ಊರಿನಲ್ಲಿ ತಮಿಳು ಬಲ್ಲವರೊಬ್ಬರೂ, ಶಾಫ್ಟಿಗೆ ಇಳಿದು ದುಡಿದ ಹಿರಿಯರೊಬ್ಬರೂ ಓದಿ ತಿದ್ದಲಿ. ಅಚ್ಚಿನ ಖರ್ಚು ಹೆಚ್ಚೆಂದು ಯಾರಾದರೂ ಅಂದರೆ, ಮೂವತ್ತು ದಿನಗಳ ಕೈಪಿಡಿಗಳಿಗೆ ಈ ತಾಲ್ಲೂಕಿನ ತಂದೆತಾಯಿಗಳು ಒಂದು ವರ್ಷದಲ್ಲಿ ಕೊಡುವ ಹಣವನ್ನು ಪುಸ್ತಕದಂಗಡಿಯವರಲ್ಲಿ ವಿಚಾರಿಸಿ ಬಂದು ಆಮೇಲೆ ಮಾತನಾಡಲಿ.